ಬಿಎಸ್ಸಿ ಜೀವವಿಜ್ಞಾನದಲ್ಲಿ ಮುಖ್ಯ ವಿಷಯ ಆರಿಸುವ ಕ್ರಮ, ಹಂತ ಹಂತವಾಗಿ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಮುಂದೆ ಕೂರುವ ಮಕ್ಕಳೆಲ್ಲ ಕೇಳುವುದು ಒಂದೇ: "ಮೇಡಂ, ಯಾವ ಕಾಂಬಿನೇಷನ್‌ಗೆ ಸ್ಕೋಪ್ ಜಾಸ್ತಿ?" ಮೂರು ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರು ಮತ್ತೆ ಬರುತ್ತಾರೆ. ಆಗ ಪ್ರಶ್ನೆ ಬೇರೆ: "ಮೇಡಂ, ಅರ್ಜಿ ಹಾಕೋಕೆ ಹೋದೆ. ಡಿಗ್ರಿಯಲ್ಲಿ ಈ ವಿಷಯ ಓದಿಲ್ಲ, ಆಗಲ್ಲ ಅಂದ್ರು. ಈಗೇನ್ ಮಾಡ್ಲಿ?" ಆ ಹೊತ್ತಿಗೆ ನನ್ನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ನಾನೂ ಹಾಗೇ ವಾಪಸ್ ಬಂದವಳು. ಬಿಎಸ್ಸಿಯಲ್ಲಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ತೆಗೆದುಕೊಂಡೆ. ಹೆಸರು ಹೊಸದಾಗಿ ಕೇಳಿಸಿತ್ತು, ಅಷ್ಟೇ ಕಾರಣ. ಎಂಎಸ್ಸಿ ಮುಗಿಸಿ ಒಂದು ಶಾಲೆಗೆ ಬಯಾಲಜಿ ಶಿಕ್ಷಕಿ ಹುದ್ದೆಯ ಸಂದರ್ಶನಕ್ಕೆ ಹೋದೆ. ಮಾರ್ಕ್ಸ್ ಕಾರ್ಡ್ ತಿರುವಿ ನೋಡಿದವರು "ಬಾಟನಿನೂ ಇಲ್ಲ, ಝುವಾಲಜಿನೂ ಇಲ್ವಲ್ಲಮ್ಮಾ" ಎಂದು ಫೈಲ್ ಕೈಗೆ ಕೊಟ್ಟರು. ಅವರು ಹೇಳಿದ್ದು ಜಾಹೀರಾತಿನಲ್ಲೇ ಇತ್ತು. ಆ ಥರದ ಸಾಲನ್ನು ಡಿಗ್ರಿ ಸೇರುವ ಮುಂಚೆಯೇ ಓದಬೇಕು ಎಂದು ನನಗೆ ಗೊತ್ತೇ ಇರಲಿಲ್ಲ.

ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಇದು: ಮಕ್ಕಳು ಎಡವುವುದು ಬುದ್ಧಿ ಸಾಲದೆ ಅಲ್ಲ, ಕ್ರಮ ತಲೆಕೆಳಗಾಗಿ. ಮೊದಲು ಕಾಂಬಿನೇಷನ್ ಹೆಸರು, ಆಮೇಲೆ ಕಾಲೇಜು, ಕೊನೆಗೆ "ಮುಂದೆ ಏನು" ಎಂಬ ಯೋಚನೆ. ಕೆಳಗಿನ ಹಂತಗಳಲ್ಲಿ ಇದು ಉಲ್ಟಾ ಇದೆ. ದಯವಿಟ್ಟು ಹಂತ ಹಾರಿಸಬೇಡಿ. ವಿಶೇಷವಾಗಿ ಎರಡನೆಯದನ್ನು.

ಶುರು ಮಾಡುವ ಮುಂಚೆ ಬೇಕಾಗುವುದು

ಒಂದು ನೋಟ್‌ಬುಕ್. ನಿಮ್ಮ ಪಿಯುಸಿ ಅಂಕಪಟ್ಟಿ. ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಇಳಿಸಿಕೊಂಡ ಸಿಲಬಸ್, ನೀವು ಯೋಚಿಸುತ್ತಿರುವ ಪ್ರತಿ ವಿಷಯದ್ದೂ ಪೂರ್ತಿ 6 ಸೆಮಿಸ್ಟರ್‌ದು. ಎರಡು ಮೂರು ಹಳೆಯ ನೇಮಕಾತಿ ಅಧಿಸೂಚನೆಗಳ ಪಿಡಿಎಫ್. ಒಂದು ವಾರ ಸಮಯ. ಅಷ್ಟು ಸಾಕು. ಹಣ ಕೊಟ್ಟು ಮಾಡಿಸುವ ಕೆರಿಯರ್ ಕೌನ್ಸೆಲಿಂಗ್ ಇದಕ್ಕೆ ಬೇಕಿಲ್ಲ.

ಹಂತ 1: ನಿಮ್ಮ ಬ್ಯಾಚಿನ ಸ್ಕೀಮ್ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಡಿಗ್ರಿಯ ರಚನೆ ಎರಡು ಸಲ ಬದಲಾಗಿದೆ. ಮುಂಚೆ ಮೂರು ವಿಷಯ, ಮೂರು ವರ್ಷ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಎರಡು ಮುಖ್ಯ ವಿಷಯ ಓದಿ, ಮೂರನೇ ವರ್ಷ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳುವ ಪದ್ಧತಿ ಬಂತು. ಬೇಕೆಂದರೆ ನಾಲ್ಕನೇ ವರ್ಷ ಆನರ್ಸ್ ಇತ್ತು. ಆಮೇಲೆ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. ಅದರ ಮೇಲೆ 2024-25ರಿಂದ ಹೊಸದಾಗಿ ಸೇರುವವರಿಗೆ ಮತ್ತೆ 3 ವರ್ಷದ ಡಿಗ್ರಿ ಆಯಿತು.

ಇದರ ಅರ್ಥ ಏನು? ನಿಮ್ಮ ಅಕ್ಕನೋ ಪಕ್ಕದ ಮನೆಯ ಅಣ್ಣನೋ ಕೊಡುವ ಸಲಹೆ ಅವರ ಸ್ಕೀಮಿಗೆ ಸರಿ, ನಿಮ್ಮದಕ್ಕೆ ಸರಿಯಿರಬೇಕೆಂದಿಲ್ಲ. "ಮೊದಲು ಎರಡು ತಗೋ, ಆಮೇಲೆ ಒಂದನ್ನ ಬಿಡಬಹುದು" ಎಂಬ ಮಾತು ಈಗಲೂ ಓಡಾಡುತ್ತಿದೆ. ಅದನ್ನು ನಂಬಿ ಇಷ್ಟವಿಲ್ಲದ ವಿಷಯ ತೆಗೆದುಕೊಂಡವರನ್ನು ನೋಡಿದ್ದೇನೆ.

ಸಿಲಬಸ್ಸಿನಲ್ಲಿ ಡಿಗ್ರಿಯ ರಚನೆ ಹೇಳುವ ಸ್ಕೀಮ್ ಪುಟ ತೆರೆದು ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಮುಖ್ಯ ವಿಷಯ ಎಷ್ಟು? ಎಲ್ಲವೂ ಆರನೇ ಸೆಮಿಸ್ಟರ್‌ವರೆಗೂ ಇರುತ್ತವಾ? ಮೂರನೇ ವರ್ಷ ಒಂದೇ ವಿಷಯಕ್ಕೆ ಹೆಚ್ಚು ಒತ್ತು ಕೊಡುವ ಅವಕಾಶ ಇದೆಯಾ? ಡಿಗ್ರಿ ಪತ್ರದಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ವಿಷಯದ ಹೆಸರು ಹೇಗೆ ಬರುತ್ತದೆ? ನಾಲ್ಕನೆಯದು ಚಿಲ್ಲರೆ ವಿಚಾರ ಅನ್ನಿಸಬಹುದು. ಕೆಲಸದ ಅರ್ಜಿ ಪರಿಶೀಲಿಸುವವರು ನೋಡುವುದು ಅದನ್ನೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ನಾಲ್ಕು ವರ್ಷದ ಬಿಎಸ್ ಸೇರುವವರಿಗೆ ಈ ಲೆಕ್ಕ ಬೇರೆ. ಅಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತ, ರಸಾಯನ, ಗಣಿತ, ಜೀವವಿಜ್ಞಾನ ಓದಿ ಆಮೇಲೆ ಮೇಜರ್ ಆರಿಸುತ್ತಾರೆ. ನಮ್ಮ ಕಾಲೇಜುಗಳಲ್ಲಿ ಆ ಬಿಡುವು ಇಲ್ಲ. ಅಡ್ಮಿಷನ್ ಕೌಂಟರಿನಲ್ಲೇ ತೀರ್ಮಾನ ಆಗಬೇಕು.

ಹಂತ 2: ಅರ್ಹತೆಯ ಸಾಲಿನಿಂದ ಹಿಂದಕ್ಕೆ ಬನ್ನಿ

ಈ ಹಂತಕ್ಕೆ ಎರಡು ಸಂಜೆ ಇಡಿ. ನೋಟ್‌ಬುಕ್ಕಿನಲ್ಲಿ ಮುಂದೆ ನಿಮಗೆ ಆಸೆ ಇರುವ ಮೂರು ಕೆಲಸ ಬರೆಯಿರಿ. ಸರಿಯಾಗಿ ಗೊತ್ತಿಲ್ಲ ಅಂದರೂ ಊಹೆಯಿಂದ ಬರೆಯಿರಿ. ಪ್ರತಿಯೊಂದರ ಅಧಿಸೂಚನೆ ಹುಡುಕಿ, ಅದರಲ್ಲಿ "ವಿದ್ಯಾರ್ಹತೆ" ಎಂಬ ಭಾಗವನ್ನು ಮಾತ್ರ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ಸಾರಾಂಶ ಬರೆಯಬೇಡಿ, ಪದಗಳು ಮುಖ್ಯ. ನನ್ನ ಹತ್ತಿರ ಬರುವವರು ಹೆಚ್ಚಾಗಿ ಕೇಳುವ ದಾರಿಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಶಾಲೆ, ಪಿಯು ಬೋಧನೆ. ರಾಜ್ಯದ ಪ್ರೌಢಶಾಲಾ ಶಿಕ್ಷಕರ ನೇಮಕದಲ್ಲಿ ಸಿಬಿಝಡ್ ಎಂದೇ ಒಂದು ಗುಂಪು ಇರುತ್ತದೆ. ಅಂದರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಕೇಂದ್ರೀಯ ವಿದ್ಯಾಲಯದ ಪದವೀಧರ ವಿಜ್ಞಾನ ಶಿಕ್ಷಕರ ಹುದ್ದೆಗೂ ಡಿಗ್ರಿಯಲ್ಲಿ ಇದೇ ಮೂರು ವಿಷಯ ಕೇಳುತ್ತಾರೆ. ಅಲ್ಲಿಯ ಪಿಜಿಟಿ, ಅಂದರೆ ಸ್ನಾತಕೋತ್ತರ ಶಿಕ್ಷಕರ, ಬಯಾಲಜಿ ಹುದ್ದೆಗೆ ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಜೆನೆಟಿಕ್ಸ್ ಎಂಎಸ್ಸಿ ಕೂಡ ಆಗುತ್ತದೆ, ಆದರೆ ಡಿಗ್ರಿಯಲ್ಲಿ ಬಾಟನಿ ಮತ್ತು ಝುವಾಲಜಿ ಎರಡನ್ನೂ ಓದಿರಬೇಕು ಎಂಬ ಷರತ್ತು ಇದೆ. ಎಂಎಸ್ಸಿಯಲ್ಲಿ ಚಿನ್ನದ ಪದಕ ಬಂದರೂ ಈ ಷರತ್ತು ಕರಗುವುದಿಲ್ಲ. ಮನೆಯಲ್ಲಿ "ಕೊನೆಗೆ ಟೀಚರ್ ಆದ್ರೂ ಆಗ್ಬಹುದು" ಎಂಬ ಮಾತು ಒಂದು ಸಲ ಬಂದಿದ್ದರೂ ಸಾಕು, ಸಿಬಿಝಡ್ ಬಿಡುವ ಮುಂಚೆ ಎರಡು ಸಲ ಯೋಚಿಸಿ. ಬೋಧನೆಯೇ ಗುರಿ ಅನ್ನುವವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ಸಿ-ಬಿಎಡ್ ಕೂಡ ನೋಡಿ. ಅದರ ಪ್ರವೇಶ ಪರೀಕ್ಷೆ ಬೇರೆ. ಅದಕ್ಕೆ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಪಿಯುಸಿ ಓದುವಾಗಲೇ ಗಮನಿಸುತ್ತಿರಬೇಕು.

ಅರಣ್ಯ ಸೇವೆ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುವುದಿಲ್ಲ. ಪಶುಸಂಗೋಪನೆ ಮತ್ತು ಪಶುವೈದ್ಯ, ಬಾಟನಿ, ಕೆಮಿಸ್ಟ್ರಿ, ಜಿಯಾಲಜಿ, ಗಣಿತ, ಫಿಸಿಕ್ಸ್, ಸ್ಟಾಟಿಸ್ಟಿಕ್ಸ್, ಝುವಾಲಜಿ, ಇವುಗಳಲ್ಲಿ ಒಂದಾದರೂ ಡಿಗ್ರಿಯಲ್ಲಿ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಆಗಿರಬೇಕು. ಪಟ್ಟಿ ಇನ್ನೊಂದು ಸಲ ಓದಿ. ಬಯೋಟೆಕ್ನಾಲಜಿ ಇಲ್ಲ, ಮೈಕ್ರೋಬಯಾಲಜಿ ಇಲ್ಲ, ಬಯೋಕೆಮಿಸ್ಟ್ರಿಯೂ ಇಲ್ಲ. ನನ್ನ ಹಳೆಯ ಕಾಂಬಿನೇಷನ್ ಇಟ್ಟುಕೊಂಡು ಈ ಅರ್ಜಿ ತುಂಬಲು ಆಗುವುದಿಲ್ಲ. ಕಾಡು, ಹುಲಿ ಅಂತ ಕನಸು ಕಾಣುವ ಹುಡುಗ ಹುಡುಗಿಯರು ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ.

ಸಿವಿಲ್ ಸರ್ವೀಸಸ್. ಐಎಎಸ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆಗುತ್ತದೆ. ಆದರೆ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಬಾಟನಿ, ಝುವಾಲಜಿ ಇವೆ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಇಲ್ಲ. ಡಿಗ್ರಿ ಓದನ್ನೇ ಪರೀಕ್ಷೆಗೂ ಬಳಸುವ ಯೋಚನೆ ಇದ್ದರೆ ಇದು ಲೆಕ್ಕಕ್ಕೆ ಬರುತ್ತದೆ.

ಆಹಾರ ಸುರಕ್ಷತಾ ಅಧಿಕಾರಿ. ಇಲ್ಲಿ ಬಾಗಿಲು ಉಲ್ಟಾ ತೆರೆಯುತ್ತದೆ. ಆಹಾರ ಸುರಕ್ಷತೆಯ 2011ರ ನಿಯಮದಲ್ಲಿ ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಕೃಷಿ, ಪಶುವೈದ್ಯ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಮುಂತಾದ ಪದವಿಗಳನ್ನು ಹೆಸರಿಸಿದ್ದಾರೆ. ಕೆಮಿಸ್ಟ್ರಿಯಾದರೆ ಸ್ನಾತಕೋತ್ತರ ಪದವಿ ಬೇಕು. ಬರೀ ಸಿಬಿಝಡ್ ಡಿಗ್ರಿ ಈ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ "ಹಳೇ ವಿಷಯಗಳೇ ಸೇಫ್" ಎಂಬ ಮಾತೂ ಪೂರ್ತಿ ನಿಜವಲ್ಲ. ನೀವು ಹೋಗುವ ಬಾಗಿಲು ಯಾವುದು ಎಂಬುದರ ಮೇಲೆ ಎಲ್ಲಾ ನಿಂತಿದೆ.

ಆಸ್ಪತ್ರೆ ಲ್ಯಾಬ್. ಇದು ನಾನು ಅತಿ ಹೆಚ್ಚು ನೋಡುವ ತಪ್ಪು. ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಗುತ್ತದೆ ಎಂದುಕೊಂಡು ಸೇರುತ್ತಾರೆ. ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಕೇಳುವುದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ (ಡಿಎಂಎಲ್‌ಟಿ) ಅಥವಾ ಬಿಎಸ್ಸಿ ಎಂಎಲ್‌ಟಿ. ಅದು ಬೇರೆ ಕೋರ್ಸ್. ಅಲೈಡ್ ಹೆಲ್ತ್ ಸೈನ್ಸ್ ಅಡಿಯಲ್ಲಿ ಬರುತ್ತದೆ, ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ನಡೆಯುತ್ತದೆ. ಆಸ್ಪತ್ರೆಯೇ ಬೇಕು ಅಂದರೆ ಈಗಲೇ ಆ ದಾರಿ ಹಿಡಿಯಿರಿ.

ಕೃಷಿ ಇಲಾಖೆ. ಬಿಎಸ್ಸಿ ಬಾಟನಿ ಮಾಡಿದವರು ಕೃಷಿ ಅಧಿಕಾರಿ ಆಗಲು ಹೋದರೆ ಅಲ್ಲಿ ಕೇಳುವುದು ಬಿಎಸ್ಸಿ ಕೃಷಿ. ಅದು ಕೆಸಿಇಟಿ ಮೂಲಕ ಸಿಗುವ ಸೀಟು. ಅರಣ್ಯಶಾಸ್ತ್ರದ ಪದವಿಯೂ ಹಾಗೇ ಬೇರೆ. ಶಿರಸಿ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಇದೆ.

ಸಂಶೋಧನೆ. ಇಲ್ಲಿ ಮಾತ್ರ ವಿಷಯದ ಹೆಸರಿನ ಕಟ್ಟು ಸಡಿಲ. ಎಂಎಸ್ಸಿಗೆ ಐಐಟಿಗಳ ಜಾಮ್ ಪರೀಕ್ಷೆಯಲ್ಲಿ ಬಯೋಟೆಕ್ನಾಲಜಿ ಪತ್ರಿಕೆ, ಕೇಂದ್ರೀಯ ವಿವಿಗಳಿಗೆ ಸಿಯುಇಟಿ-ಪಿಜಿ, ಬಯೋಟೆಕ್ನಾಲಜಿ ಇಲಾಖೆಯ ನೆರವಿನ ಕೋರ್ಸುಗಳಿಗೆ ಗ್ಯಾಟ್-ಬಿ. ಎಂಎಸ್ಸಿ ಆದ ಮೇಲೆ ಸಂಶೋಧನಾ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆ. ಅದರಲ್ಲಿ ಬಾಟನಿ, ಝುವಾಲಜಿ, ಮೈಕ್ರೋಬಯಾಲಜಿ ಎಂದು ಬೇರೆ ಬೇರೆ ಪತ್ರಿಕೆ ಇಲ್ಲ, ಎಲ್ಲರಿಗೂ ಒಂದೇ ಲೈಫ್ ಸೈನ್ಸಸ್. ಸಿಲಬಸ್ 13 ಘಟಕ, ಒಟ್ಟು 200 ಅಂಕ. ಅಣುವಿನಿಂದ ಹಿಡಿದು ಪರಿಸರ, ವಿಕಾಸದವರೆಗೆ ಎಲ್ಲವೂ ಬರುತ್ತದೆ. ಆದ್ದರಿಂದ ಸಂಶೋಧನೆಗೆ ಹೋಗುವವರು ಹೆಸರಿಗಿಂತ ಪಾಠ ಚೆನ್ನಾಗಿ ನಡೆಯುವ ಕಡೆ ಸೇರಿ.

ಈಗ ನೋಟ್‌ಬುಕ್ಕಿನಲ್ಲಿ ನಿಮ್ಮ ಮೂರು ಕೆಲಸದ ಎದುರು "ಕಡ್ಡಾಯ ವಿಷಯ" ಎಂದು ಒಂದು ಕಾಲಂ ಇರುತ್ತದೆ. ಮೂರರಲ್ಲಿ ಎರಡು ಕಡೆ ಬರುವ ವಿಷಯಕ್ಕೆ ಗುರುತು ಹಾಕಿ. ಅದು ನಿಮ್ಮ ಕಾಂಬಿನೇಷನ್ನಿನಲ್ಲಿ ಇರಲೇಬೇಕು.

ಏನಾಗಬೇಕು ಎಂದು ಒಂದೂ ಹೊಳೆಯುತ್ತಿಲ್ಲವಾ? ಆಗ ನನ್ನ ಸಲಹೆ ಸಿಬಿಝಡ್. ಅದು ಬೇಡ ಅಂದರೆ ಕೆಮಿಸ್ಟ್ರಿ ಜೊತೆ ಬಾಟನಿ ಅಥವಾ ಝುವಾಲಜಿ ಒಂದು, ಹೊಸ ವಿಷಯ ಒಂದು. ಕೆಮಿಸ್ಟ್ರಿ, ಝುವಾಲಜಿ, ಬಯೋಟೆಕ್ನಾಲಜಿ ಆ ಥರದ್ದು. ಇದರಲ್ಲಿ ಅರಣ್ಯ ಸೇವೆಯ ಬಾಗಿಲು ಉಳಿಯುತ್ತದೆ, ಕೇಂದ್ರೀಯ ವಿದ್ಯಾಲಯದ್ದು ಮುಚ್ಚುತ್ತದೆ. ಏನು ಬಿಡುತ್ತಿದ್ದೀರಿ ಎಂದು ಗೊತ್ತಿದ್ದು ಬಿಟ್ಟರೆ ತೊಂದರೆ ಇಲ್ಲ.

ಹಂತ 3: ಆ ವಿಷಯದಲ್ಲಿ ನಿಮ್ಮ ಕೈ ಏನು ಮಾಡುತ್ತದೆ ಎಂದು ನೋಡಿ

ಸಿಲಬಸ್ಸಿನಲ್ಲಿ ಥಿಯರಿ ಬಿಟ್ಟು ಪ್ರಾಕ್ಟಿಕಲ್ ಪಟ್ಟಿ ಓದಿ. ವಾರಕ್ಕೆ ಒಂದು ಮಧ್ಯಾಹ್ನ ಪೂರ್ತಿ, ಪ್ರತಿ ವಿಷಯಕ್ಕೂ, ನೀವು ಅಲ್ಲೇ ನಿಂತಿರುತ್ತೀರಿ. ಆ ಕೆಲಸ ಸಹಿಸಲು ಆಗದಿದ್ದರೆ ಥಿಯರಿಯಲ್ಲಿ ಎಷ್ಟೇ ಆಸಕ್ತಿ ಇದ್ದರೂ ಎರಡನೇ ವರ್ಷಕ್ಕೆ ಸೋತುಹೋಗುತ್ತೀರಿ.

ಬಾಟನಿಯಲ್ಲಿ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಸಫ್ರಾನಿನ್ ಎಂಬ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಬೇಕು. ಹೂವು ಬಿಡಿಸಿ ಕುಟುಂಬ ಗುರುತಿಸಬೇಕು, ಗಿಡ ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡಬೇಕು. ತಾಳ್ಮೆ ಮತ್ತು ಕಣ್ಣು ಎರಡೂ ಬೇಕು. ಪರೀಕ್ಷೆ ಮಾಡಿಕೊಳ್ಳುವುದು ಸುಲಭ: ಮನೆ ಸುತ್ತ ಸಿಗುವ ಹತ್ತು ಗಿಡದ ಹೂವು ಬಿಡಿಸಿ ಭಾಗಗಳನ್ನು ಬರೆದಿಡಿ. ದಾಸವಾಳ, ತುಂಬೆ, ತೊಗರಿ, ದತ್ತೂರಿ, ಏನಾದರೂ ಆಗಲಿ. ಐದನೇ ಹೂವಿಗೆ ಬೇಜಾರು ಬಂತಾ, ಇಲ್ಲ ಒಂದಕ್ಕೊಂದು ಹೋಲಿಸುವ ಆಸೆ ಬಂತಾ? ಅದೇ ನಿಮ್ಮ ಉತ್ತರ.

ಝುವಾಲಜಿ ಅಂದರೆ ಕಪ್ಪೆ ಕೊಯ್ಯುವುದು ಎಂದು ಇನ್ನೂ ಹೆದರುವವರಿದ್ದಾರೆ. ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಯುಜಿಸಿ 2014ರಲ್ಲೇ ಹೇಳಿದೆ. ಈಗ ಸ್ಲೈಡ್, ಮಾದರಿ, ಚಾರ್ಟ್, ಹಣ್ಣಿನ ನೊಣದ ತಳಿ ಪ್ರಯೋಗ, ಎರೆಹುಳು ಗೊಬ್ಬರ, ಮೀನುಗಾರಿಕೆ ಇವೇ ಜಾಸ್ತಿ. ವರ್ಗೀಕರಣದ ಹೆಸರುಗಳನ್ನು ನೆನಪಿಡುವ ಹೊರೆ ಮಾತ್ರ ದೊಡ್ಡದು.

ಮೈಕ್ರೋಬಯಾಲಜಿಯಲ್ಲಿ ಅರ್ಧ ಜೀವನ ತಯಾರಿಯಲ್ಲೇ ಹೋಗುತ್ತದೆ. ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಆಹಾರ) ಕುದಿಸು, ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ ಇಡು, ಪ್ಲೇಟ್‌ಗೆ ಹೊಯ್ಯಿ, ಅದರ ಮೇಲೆ ಬ್ಯಾಕ್ಟೀರಿಯಾವನ್ನು ಗೆರೆಯಾಗಿ ಎಳೆ, ಮಾರನೇ ದಿನದವರೆಗೆ ಕಾಯಿ. ಒಂದು ಸಲ ಕೈ ತಪ್ಪಿದರೆ ಪ್ಲೇಟ್ ತುಂಬ ಬೂಷ್ಟು, ಮತ್ತೆ ಮೊದಲಿನಿಂದ. ಶಿಸ್ತು ಇರುವವರಿಗೆ ಇದು ತುಂಬಾ ತೃಪ್ತಿ ಕೊಡುವ ಕೆಲಸ, ನನಗೆ ಇವತ್ತಿಗೂ ಇಷ್ಟ. ಅವಸರದವರಿಗೆ ಹಿಂಸೆ.

ಬಯೋಕೆಮಿಸ್ಟ್ರಿಯಲ್ಲಿ ಲೆಕ್ಕ. ದ್ರಾವಣದ ಸಾಂದ್ರತೆ, ದುರ್ಬಲಗೊಳಿಸುವ ಅಳತೆ, ಬಣ್ಣ ಅಳೆದು ಗ್ರಾಫ್ ಹಾಕಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಎಂದು ಕಂಡುಹಿಡಿಯುವುದು. ಪಿಯುಸಿ ಕೆಮಿಸ್ಟ್ರಿಯ ಸಾಂದ್ರತೆ ಅಧ್ಯಾಯದ ಹತ್ತು ಲೆಕ್ಕ ಮಾಡಿ ನೋಡಿ. ಆರು ಸರಿ ಬಂದರೆ ಧೈರ್ಯವಾಗಿ ಹೋಗಿ.

ಬಯೋಟೆಕ್ನಾಲಜಿಯ ಥಿಯರಿ ಕಣ್ಣಿಗೆ ಕಾಣದ ಸಂಗತಿಗಳದ್ದು. ಡಿಎನ್‌ಎ ಕತ್ತರಿಸುವುದು, ಅಂಟಿಸುವುದು ಎಲ್ಲ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಪ್ರಾಕ್ಟಿಕಲ್ ಎಷ್ಟು ಸಿಗುತ್ತದೆ ಎಂಬುದು ಕಾಲೇಜಿನ ಮೇಲೆ ಹೋಗುತ್ತದೆ, ಅದಕ್ಕೆ ಐದನೇ ಹಂತ ನೋಡಿ. ಎನ್‌ಪಿಟಿಇಎಲ್ ಅಥವಾ ಸ್ವಯಂ ಎಂಬ ಆನ್‌ಲೈನ್ ತಾಣಗಳಲ್ಲಿ ಉಚಿತ ಪಾಠಗಳಿವೆ. ಒಂದು ಪಾಠ ಕೇಳಿ, ಆಮೇಲೆ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ವಿವರಿಸಿ. ಹೇಳಲು ಬಂದರೆ ನಿಮಗೆ ಅರ್ಥವಾಗಿದೆ.

ಜೆನೆಟಿಕ್ಸ್, ರೇಷ್ಮೆ ಕೃಷಿ, ಪರಿಸರ ವಿಜ್ಞಾನ ಎಲ್ಲ ಕಡೆ ಇಲ್ಲ. ಇರುವ ಕಡೆ ಒಂದು ವಿಚಾರ ನೋಡಿ: ಅದೇ ವಿಷಯದಲ್ಲಿ ಎಂಎಸ್ಸಿ ಹತ್ತಿರದಲ್ಲಿ ಇದೆಯಾ? ಉದಾಹರಣೆಗೆ ಕಡಲ ಜೀವಶಾಸ್ತ್ರ ಬೇಕೆಂದರೆ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗ ಕಾರವಾರದಲ್ಲಿದೆ, ವನ್ಯಜೀವಿ ನಿರ್ವಹಣೆ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಲ್ಲಿದೆ. ಅಲ್ಲಿಗೆ ಸೇರಲು ಡಿಗ್ರಿಯಲ್ಲಿ ಏನಿರಬೇಕು ಎಂದು ಅವರ ಪ್ರವೇಶ ಪುಸ್ತಿಕೆ ನೋಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಡಿಗ್ರಿ ವಿಜ್ಞಾನ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ಹೆದರಿ ಕೆಲವರು "ಸುಲಭ" ಅನ್ನಿಸಿದ ವಿಷಯ ತೆಗೆದುಕೊಳ್ಳುತ್ತಾರೆ. ಬಾಟನಿ, ಝುವಾಲಜಿಯ ಲ್ಯಾಟಿನ್ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸವು. ಹಳ್ಳಿಯಲ್ಲಿ ಗಿಡ, ಹುಳು ನೋಡಿ ಬೆಳೆದ ಮಕ್ಕಳು ನನ್ನ ಕ್ಲಾಸಿನಲ್ಲಿ ಎರಡನೇ ಸೆಮಿಸ್ಟರ್‌ಗೆ ಮುಂದೆ ಬಂದುಬಿಟ್ಟಿರುತ್ತಾರೆ. ಭಾಷೆಗೆ ಹೆದರಿ ವಿಷಯ ಬಿಡಬೇಡಿ.

ಹಂತ 4: ಕೆಮಿಸ್ಟ್ರಿ ಮತ್ತು ಗಣಿತದ ಲೆಕ್ಕ ಮುಗಿಸಿ

ಜೀವವಿಜ್ಞಾನದ ಮಕ್ಕಳಲ್ಲಿ ಬ್ಯಾಕ್‌ಲಾಗ್ ಉಳಿಯುವುದು ಬಯಾಲಜಿಯಲ್ಲಲ್ಲ, ಕೆಮಿಸ್ಟ್ರಿಯಲ್ಲಿ. ಅದಕ್ಕೇ ಅದನ್ನು ತಪ್ಪಿಸಲು ಕೆಮಿಸ್ಟ್ರಿ ಇಲ್ಲದ ಕಾಂಬಿನೇಷನ್ ಹುಡುಕುತ್ತಾರೆ. ಎರಡನೇ ಹಂತದ ಪಟ್ಟಿ ಮತ್ತೆ ನೋಡಿ, ಕೆಮಿಸ್ಟ್ರಿ ಎಷ್ಟು ಕಡೆ ಬಂದಿದೆ ಅಲ್ವಾ? ಹೋಗಲಿ, ಬಯೋಕೆಮಿಸ್ಟ್ರಿ ತೆಗೆದುಕೊಂಡರೂ ಕೆಮಿಸ್ಟ್ರಿ ಬೆನ್ನು ಬಿಡುವುದಿಲ್ಲ. ಪಿಯುಸಿಯಲ್ಲಿ ಕೆಮಿಸ್ಟ್ರಿ ಅಂಕ ಕಡಿಮೆ ಬಂದಿದ್ದರೆ ಕಾರಣ ಹುಡುಕಿ. ಓದದೆ ಕಡಿಮೆ ಬಂದಿದ್ದರೆ ಸರಿಪಡಿಸಬಹುದು. ಓದಿಯೂ ತಲೆಗೆ ಹತ್ತಲಿಲ್ಲ ಅಂದರೆ ಮಾತ್ರ ಬೇರೆ ದಾರಿ ಯೋಚಿಸಿ.

ಗಣಿತದ್ದು ಇನ್ನೊಂದು ಕಥೆ. ಪಿಸಿಎಂಬಿ ಓದಿದವರು ಗಣಿತವನ್ನು ಪೂರ್ತಿ ಮರೆಯಬೇಡಿ. ಜಾಮ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಶ್ನೆಗಳೂ ಇರುತ್ತವೆ. ಪಿಯುಸಿಯಲ್ಲಿ ಗಣಿತ ಇಲ್ಲದವರು ಇದನ್ನು ಮೊದಲ ವರ್ಷದಿಂದಲೇ ವಾರಕ್ಕೆ ಎರಡು ಗಂಟೆ ಓದಿಕೊಂಡರೆ ಸಾಕಾಗುತ್ತದೆ. ಕೊನೆಯ ಮೂರು ತಿಂಗಳಿಗೆ ಬಿಟ್ಟರೆ ಆಗುವುದಿಲ್ಲ.

ಹಂತ 5: ಕಾಲೇಜಿನ ಲ್ಯಾಬ್ ಕಣ್ಣಾರೆ ನೋಡಿ ಬನ್ನಿ

ಪ್ರಾಸ್ಪೆಕ್ಟಸ್ ಫೋಟೋ ಸಾಲದು. ಅಡ್ಮಿಷನ್ ಸಮಯದಲ್ಲಿ ಪ್ರಿನ್ಸಿಪಾಲರನ್ನು ಕೇಳಿದರೆ ಲ್ಯಾಬ್ ನೋಡಲು ಬಿಡುತ್ತಾರೆ. ತಂದೆ ತಾಯಿಯನ್ನೂ ಕರೆದುಕೊಂಡು ಹೋಗಿ. ಆಟೋಕ್ಲೇವ್, ಲ್ಯಾಮಿನಾರ್ ಏರ್ ಫ್ಲೋ, ಇನ್‌ಕ್ಯುಬೇಟರ್, ಸೆಂಟ್ರಿಫ್ಯೂಜ್ ಇವೆಯಾ ಎಂದು ನೋಡಿ. ಇದ್ದರೆ ಸಾಲದು, ಓಡುತ್ತಿವೆಯಾ ಎಂದು ಕೇಳಿ. ಇನ್‌ಕ್ಯುಬೇಟರ್ ಒಳಗೆ ಪ್ಲೇಟುಗಳಿದ್ದರೆ ಒಳ್ಳೆಯ ಲಕ್ಷಣ. ಒಂದು ಬ್ಯಾಚಿನಲ್ಲಿ ಎಷ್ಟು ಜನ, ಸೂಕ್ಷ್ಮದರ್ಶಕ ಎಷ್ಟು ಎಂದು ಎಣಿಸಿ.

ಆಮೇಲೆ ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಇಬ್ಬರನ್ನು ಹಿಡಿದು ಕೇಳಿ: ಕಳೆದ ಸೆಮಿಸ್ಟರ್ ಎಷ್ಟು ಪ್ರಾಕ್ಟಿಕಲ್ ಸ್ವಂತ ಕೈಯಿಂದ ಮಾಡಿದ್ರಿ? ಪಾಠ ಮಾಡುವವರು ಎಷ್ಟು ಸಲ ಬದಲಾದ್ರು? ಅತಿಥಿ ಉಪನ್ಯಾಸಕರು ಅಂದ ಮಾತ್ರಕ್ಕೆ ಪಾಠ ಕೆಟ್ಟದು ಎಂದು ಖಂಡಿತ ಅಲ್ಲ, ನಮ್ಮ ಕಾಲೇಜುಗಳನ್ನು ನಡೆಸುತ್ತಿರುವವರೇ ಅವರು. ಆದರೆ ಸೆಮಿಸ್ಟರ್ ಶುರುವಾಗಿ ಎರಡು ತಿಂಗಳಾದರೂ ನೇಮಕ ಆಗದಿದ್ದರೆ ಪಾಠ ತಪ್ಪುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ.

ಎಚ್ಚರಿಕೆಯ ಲಕ್ಷಣಗಳು ಇವು. ಪ್ರಾಕ್ಟಿಕಲ್ ಎಲ್ಲ "ಡೆಮೋ" ತೋರಿಸಿ ಮುಗಿಸುತ್ತಾರೆ. ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆಯುವುದೇ ರೂಢಿ. ಸೂಕ್ಷ್ಮದರ್ಶಕಗಳು ಬೀರುವಿನಲ್ಲಿ ಬೀಗದ ಹಿಂದೆ ಇವೆ, ಕೀ ಯಾರ ಹತ್ತಿರ ಎಂದು ಗೊತ್ತಿಲ್ಲ. ಪ್ರತಿ ಪ್ರಶ್ನೆಗೂ "ಪ್ಲೇಸ್‌ಮೆಂಟ್ ಇದೆ" ಎಂಬ ಒಂದೇ ಉತ್ತರ ಬರುತ್ತದೆ, ಯಾವ ಕೆಲಸ, ಎಷ್ಟು ಜನಕ್ಕೆ ಅಂದರೆ ಮಾತು ಬದಲಾಗುತ್ತದೆ. ಬಯೋಟೆಕ್ನಾಲಜಿ ಲ್ಯಾಬ್ ಫೀ ಬೇರೆ ಕೇಳುತ್ತಾರೆ, ರಸೀದಿ ಕೊಡುವುದಿಲ್ಲ. ಇವುಗಳಲ್ಲಿ ಎರಡು ಕಂಡರೆ ಆ ಕಾಲೇಜಿನಲ್ಲಿ ಹೊಸ ವಿಷಯ ಬೇಡ. ಬಾಟನಿ, ಝುವಾಲಜಿಯನ್ನು ಕಡಿಮೆ ಸಲಕರಣೆಯಲ್ಲೂ ಕಲಿಯಬಹುದು. ಬಯೋಟೆಕ್ನಾಲಜಿಯನ್ನು ಕರಿಹಲಗೆ ಮೇಲೆ ಕಲಿಯಲು ಆಗುವುದಿಲ್ಲ.

ಹಂತ 6: ಪಕ್ಕಪಕ್ಕ ಬರೆದು, ಒಂದನ್ನು ಹೊಡೆದು ಹಾಕಿ

ಒಂದು ಪುಟದಲ್ಲಿ ಎರಡೇ ಎರಡು ಕಾಂಬಿನೇಷನ್ ಬರೆಯಿರಿ. ಪ್ರತಿಯೊಂದರ ಕೆಳಗೆ ಮೂರು ಸಾಲು: ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ, ಪ್ರಾಕ್ಟಿಕಲ್ ನನಗೆ ಒಗ್ಗುತ್ತದಾ. ಈಗ ಮುಚ್ಚುವ ಬಾಗಿಲುಗಳನ್ನು ಮಾತ್ರ ನೋಡಿ. ಯಾವ ಬಾಗಿಲು ಮುಚ್ಚಿದರೆ ನಿಮಗೆ ನಿಜವಾಗಿ ಬೇಜಾರಾಗುತ್ತದೋ, ಅದನ್ನು ಮುಚ್ಚುವ ಕಾಂಬಿನೇಷನ್ ಹೊಡೆದು ಹಾಕಿ.

ಗೆಳತಿ ಅದೇ ತೆಗೆದುಕೊಂಡಳು, ಬಸ್ ಟೈಮಿಗೆ ಸರಿಯಾಗುತ್ತದೆ, ಕಟ್ ಆಫ್ ಜಾಸ್ತಿ ಇರುವುದರಿಂದ ಒಳ್ಳೆಯದೇ ಇರಬೇಕು, ಇಂಥ ಕಾರಣಗಳು ಈ ಪುಟದಲ್ಲಿ ಬರಬಾರದು. ಬಸ್ಸಿನ ವಿಚಾರ ಮಾತ್ರ ಕೆಲವು ಹೆಣ್ಣುಮಕ್ಕಳಿಗೆ ನಿಜವಾದ ತೊಡಕು, ನನಗೆ ಗೊತ್ತು. ಪ್ರಾಕ್ಟಿಕಲ್ ಸಂಜೆ ಐದಕ್ಕೆ ಮುಗಿದರೆ ಊರಿಗೆ ಕೊನೆಯ ಬಸ್ ತಪ್ಪುತ್ತದೆ. ಹಾಗಿದ್ದರೆ ಟೈಮ್‌ಟೇಬಲ್ ಮೊದಲೇ ಕೇಳಿ, ಹಾಸ್ಟೆಲ್ ಅರ್ಜಿಯನ್ನು ಅಡ್ಮಿಷನ್ ಜೊತೆಗೇ ಹಾಕಿ. ಅದಕ್ಕಾಗಿ ವಿಷಯ ಬದಲಿಸುವುದು ಕೊನೆಯ ಉಪಾಯ ಆಗಿರಲಿ.

ಇನ್ನೊಂದು ಗುಂಪು ನೀಟ್ ಮತ್ತೆ ಬರೆಯುವವರದ್ದು. "ಹೇಗೂ ಒಂದು ವರ್ಷಕ್ಕೆ ಬಿಡ್ತೀನಿ" ಎಂದು ಸಿಕ್ಕಿದ ಕಾಂಬಿನೇಷನ್ ತೆಗೆದುಕೊಳ್ಳುತ್ತಾರೆ. ಸೀಟು ಸಿಗದಿದ್ದರೆ ಅದೇ ಅವರ ಡಿಗ್ರಿ ಆಗುತ್ತದೆ. ಬಿಡುವುದಿಲ್ಲ ಎಂದುಕೊಂಡೇ ಆರಿಸಿ. ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅದನ್ನೂ ನೆನಪಿಡಿ.

ಹಂತ 7: ಅಡ್ಮಿಷನ್ ದಿನ

ಪ್ರವೇಶದ ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ ನಡೆಯುತ್ತದೆ. ಸೈಬರ್ ಸೆಂಟರಿನವರು ತುಂಬಿಕೊಟ್ಟರೂ ಸಬ್ಮಿಟ್ ಒತ್ತುವ ಮುಂಚೆ ವಿಷಯದ ಹೆಸರುಗಳನ್ನು ನೀವೇ ಓದಿ. ಬಯೋಕೆಮಿಸ್ಟ್ರಿ ಬದಲು ಬಯೋಟೆಕ್ನಾಲಜಿ ಎಂದು ಒತ್ತಿ, ಇಂಟರ್ನಲ್ಸ್ ಹೊತ್ತಿಗೆ ಗೊತ್ತಾದವರಿದ್ದಾರೆ. ಪ್ರಿಂಟ್ ತೆಗೆದು, ನೋಟ್‌ಬುಕ್ಕಿನ ಪುಟದ ಜೊತೆ ತಾಳೆ ನೋಡಿ, ಆಮೇಲೆ ಫೀ ಕಟ್ಟಿ.

ಕೌಂಟರಿನಲ್ಲಿ "ಆ ಸೆಕ್ಷನ್ ಫುಲ್ ಆಗಿದೆ, ಇದನ್ನ ತಗೋ, ಎರಡೂ ಒಂದೇ" ಅಂದರೆ ಅಲ್ಲೇ ಒಪ್ಪಬೇಡಿ. ಎರಡೂ ಒಂದೇ ಆಗಿರುವುದಿಲ್ಲ. ಒಂದು ದಿನ ಸಮಯ ಕೇಳಿ, ಪಕ್ಕದ ಕಾಲೇಜಿನಲ್ಲಿ ವಿಚಾರಿಸಿ.

ಹಂತ 8: ಮೊದಲ ತಿಂಗಳು ಮತ್ತು ಮೂರನೇ ವರ್ಷ

ಕ್ಲಾಸ್ ಶುರುವಾದ ಮೇಲೆ ಕಾಂಬಿನೇಷನ್ ಬದಲಿಸಲು ಸ್ವಲ್ಪ ದಿನ ಅವಕಾಶ ಇರುತ್ತದೆ. ಕೊನೆಯ ದಿನಾಂಕ ಯಾವುದು ಎಂದು ಮೊದಲ ದಿನವೇ ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ. ಆ ದಿನದೊಳಗೆ ಪ್ರತಿ ವಿಷಯದ ಎರಡು ಪ್ರಾಕ್ಟಿಕಲ್ ಆದರೂ ಮಾಡಿರಬೇಕು. ಥಿಯರಿ ಕಷ್ಟ ಅನ್ನಿಸಿದ್ದಕ್ಕೆ ಬದಲಿಸಬೇಡಿ, ಮೊದಲ ತಿಂಗಳು ಎಲ್ಲರಿಗೂ ಕಷ್ಟ. ಲ್ಯಾಬಿಗೆ ಹೋಗಲೇ ಮನಸ್ಸಿಲ್ಲ ಅನ್ನಿಸಿದರೆ ಬದಲಿಸಿ.

ನಿಮ್ಮ ಸ್ಕೀಮಿನಲ್ಲಿ ಮೂರನೇ ವರ್ಷ ಒಂದು ವಿಷಯಕ್ಕೆ ಇಳಿಯುವ ಅವಕಾಶ ಇದ್ದರೆ, ನಾಲ್ಕನೇ ಸೆಮಿಸ್ಟರ್ ಮುಗಿಯುವ ಮುಂಚೆ ಎರಡನೇ ಹಂತವನ್ನು ಪೂರ್ತಿ ಮತ್ತೊಂದು ಸಲ ಮಾಡಿ. ಅಷ್ಟರಲ್ಲಿ ಆಸೆಗಳು ಬದಲಾಗಿರುತ್ತವೆ, ಅಧಿಸೂಚನೆಗಳೂ ಬದಲಾಗಿರಬಹುದು. ಎಲ್ಲಿ ಅಂಕ ಜಾಸ್ತಿ ಬಂದಿದೆಯೋ ಅದನ್ನೇ ಆರಿಸುವುದು ಇಲ್ಲಿ ಸಾಮಾನ್ಯ ತಪ್ಪು. ಅಂಕ ಕೆಲವೊಮ್ಮೆ ಸುಲಭ ಪ್ರಶ್ನೆಪತ್ರಿಕೆಯಿಂದಲೂ ಬಂದಿರುತ್ತದೆ. ಎಂಎಸ್ಸಿಗೆ ಆ ವಿಷಯ ಮುಖ್ಯವಾಗಿ ಓದಿರಬೇಕು ಎಂದು ಕೇಳುತ್ತಾರಾ, ಅದನ್ನು ನೋಡಿ ಆರಿಸಿ.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ

ಎರಡನೇ ಅಥವಾ ಮೂರನೇ ವರ್ಷದಲ್ಲಿದ್ದು ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಡಿಗ್ರಿ ಬಿಟ್ಟು ಮೊದಲಿನಿಂದ ಶುರು ಮಾಡಬೇಡಿ. ನೋಟ್‌ಬುಕ್ ತೆಗೆದು, ಈಗಿರುವ ಕಾಂಬಿನೇಷನ್ನಿಗೆ ತೆರೆದಿರುವ ಬಾಗಿಲುಗಳನ್ನು ಬರೆಯಿರಿ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿಯವರಿಗೆ ಜಾಮ್, ಗ್ಯಾಟ್-ಬಿ ಇವೆ, ಆಹಾರ ಸುರಕ್ಷತೆ ಇದೆ. ಔಷಧ ಮತ್ತು ಆಹಾರ ಕಂಪನಿಗಳ ಗುಣಮಟ್ಟ ಪರೀಕ್ಷೆಯ ಲ್ಯಾಬ್‌ಗಳಲ್ಲಿ ಕೆಲಸ ಇದೆ. ಜಾಮ್ ಬರೆಯುವವರು ಪ್ರತಿ ಸಂಸ್ಥೆಯ ಕನಿಷ್ಠ ವಿದ್ಯಾರ್ಹತೆಯನ್ನು ಬೇರೆ ಬೇರೆಯಾಗಿ ನೋಡಿ. ಪರೀಕ್ಷೆ ಒಂದೇ ಆದರೂ ಸೇರಿಸಿಕೊಳ್ಳುವ ಷರತ್ತು ಒಂದೊಂದು ಕಡೆ ಒಂದೊಂದು ಥರ.

ಎಂಎಸ್ಸಿ ಮುಗಿಸಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ದಾರಿಯೂ ಇದೆ. ನಾನು ಹಿಡಿದಿದ್ದು ಅದನ್ನೇ. ಸಹಾಯಕ ಪ್ರಾಧ್ಯಾಪಕರಾಗಲು ನೋಡುವುದು ಎಂಎಸ್ಸಿಯ ವಿಷಯ, ಜೊತೆಗೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್. ಎರಡರಲ್ಲೂ ಲೈಫ್ ಸೈನ್ಸಸ್ ಪತ್ರಿಕೆ ಇದೆ. ಅದರ ಸಿಲಬಸ್ ಇವತ್ತೇ ಇಳಿಸಿಕೊಂಡು, ನಿಮ್ಮ ಡಿಗ್ರಿಯಲ್ಲಿ ಬಾರದ ಘಟಕಗಳಿಗೆ ಗುರುತು ಹಾಕಿ. ನನಗೆ ಬಾರದೆ ಉಳಿದಿದ್ದು ಸಸ್ಯ ಶರೀರಕ್ರಿಯೆ, ಪರಿಸರ ಮತ್ತು ವರ್ಗೀಕರಣ. ಪಕ್ಕದ ವಿಭಾಗದ ಬಾಟನಿ ಮೇಡಂ ಹತ್ತಿರ ಹೋಗಿ ಕೇಳಿಕೊಂಡೆ, ಶನಿವಾರ ಮಧ್ಯಾಹ್ನ ಅವರ ಲ್ಯಾಬಿನಲ್ಲಿ ಕೂರಲು ಬಿಟ್ಟರು.